ಸೋಪು ಮುಟ್ಟದ ಬೀಕರ್

"ಯಾರ ತೊಳದಾರ ಇವನ್ನ?"

ವಿಶ್ರುತಾ ಮೆಲ್ಲಗೆ ಕೇಳಿದಳು. ಅವಳು ಮೆಲ್ಲಗೆ ಮಾತಾಡಿದಳೆಂದರೆ ಏನೋ ಕೆಟ್ಟಿದೆ ಎಂದು ಐರೋಲಿಯ ಆ ಲ್ಯಾಬಿನ ಫ್ರಿಜ್ಜಿಗೂ ಗೊತ್ತಿತ್ತು. ಯತಿನ್‌ಗೆ ಮಾತ್ರ ಗೊತ್ತಾಗಲಿಲ್ಲ.

"ನಾನೇ. ನಿನ್ನೆ ನೀನು ಹೋದ ಮೇಲೆ. ಹೇಗೆ ಹೊಳೀತಾ ಉಂಟು ನೋಡು."

ಯತಿನ್ ಬೆಳೆದದ್ದು ಡೊಂಬಿವಲಿಯಲ್ಲಿ, ಅಪ್ಪನ ಉಡುಪಿ ಹೋಟೆಲಿನ ಹಿಂಬದಿಯಲ್ಲಿ. ಲೋಟ ಮೂಗಿಗೆ ಹಿಡಿದರೆ ಸೋಪಿನ ವಾಸನೆ ಬರಬೇಕು, ಬಾರದಿದ್ದರೆ ಇನ್ನೊಮ್ಮೆ ತೊಳೆಯಬೇಕು. ಆ ಮನೆಯ ಶಾಸ್ತ್ರ ಅದೊಂದೇ. ಲ್ಯಾಬಿನಲ್ಲಿ ಅವನ ಕೆಲಸ ಸಮುದ್ರದ ನೀರು ತರುವುದು, ಸೀ ಅರ್ಚಿನ್‌ಗಳ ಟ್ಯಾಂಕ್ ನೋಡಿಕೊಳ್ಳುವುದು. ಮೈತುಂಬ ಮುಳ್ಳೆದ್ದ ಆ ಪ್ರಾಣಿಗಳನ್ನು ಮೊದಲ ದಿನ ಕಂಡಾಗ "ರೋಮಾಂಚನವಾದ ಇಡ್ಲಿ" ಎಂದು ಅವಳನ್ನು ನಗಿಸಿದ್ದ. ಅವುಗಳ ಭ್ರೂಣಗಳನ್ನಿಡುವ ಬೀಕರುಗಳನ್ನು ಮಾತ್ರ ಅವಳು ಯಾರಿಗೂ ಕೊಡದೆ, ಬರೀ ನೀರಲ್ಲಿ ತಾನೇ ತೊಳೆಯುತ್ತಿದ್ದಳು. ಪಾಪ, ಸೋಪು ಹಚ್ಚುವಷ್ಟೂ ತ್ರಾಣವಿಲ್ಲ ಎಂದು ಇವನ ಕರುಳು ಕರಗಿತ್ತು.

"ಸೋಪಿಂದು ಒಂದು ಹನಿ ಉಳಿದ್ರೂ ಭ್ರೂಣ ಸಾಯ್ತಾವ, ಯತಿನ್."

ಅವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಒಂದು ಎರಡಾಗಿ, ಎರಡು ನಾಲ್ಕಾಗಬೇಕಿದ್ದ ದುಂಡು ಮೊಟ್ಟೆಗಳೆಲ್ಲ ಒಡೆದು ಹರಡಿದ್ದವು.

ಈ ಪ್ರಯೋಗ ಮುಗಿದರೆ ಅವಳು ಶನಿವಾರ ರಾಮೇಶ್ವರದ ಬಳಿಯ ಕಡಲ ಸಂಶೋಧನಾ ಕೇಂದ್ರದ ಕೆಲಸಕ್ಕೆ ಹೊರಡುವವಳು. ಮುಗಿಯದಿದ್ದರೆ ಆ ಕೆಲಸ ಕೈತಪ್ಪಿ, ಸೀ ಅರ್ಚಿನ್‌ಗಳು ಮತ್ತೆ ಮೊಟ್ಟೆಯಿಡುವವರೆಗೆ ಇನ್ನೊಂದು ವರ್ಷ ಇಲ್ಲೇ. ಹೋದ ವಾರ ಠಾಣೆ ಪ್ಲಾಟ್‌ಫಾರ್ಮಿನಲ್ಲಿ ಇವನು ಅನೌನ್ಸ್‌ಮೆಂಟ್ ಹೆಂಗಸಿನ ಮೂಗುದನಿ ತೆಗೆದು, "ಕೃಪಯಾ ಧ್ಯಾನ್ ದೀಜಿಯೇ, ವಿಶ್ರುತಾ ಎಕ್ಸ್‌ಪ್ರೆಸ್ ಏಕ್ ಸಾಲ್ ದೇರಿ ಸೇ ಚಲ್ ರಹೀ ಹೈ" ಎಂದು ಅವಳ ಪ್ರಯಾಣವನ್ನು ಒಂದು ವರ್ಷ ತಡ ಮಾಡಿದ್ದ. ಅವಳು ವಡಾಪಾವ್ ಕೈಲಿ ಹಿಡಿದು ಬಗ್ಗಿ ಬಗ್ಗಿ ನಕ್ಕಿದ್ದಳು.

ಈಗ ಅವಳು ಅವನನ್ನೇ ನೋಡಿದಳು. "ಬೇಕಂತ ಮಾಡಿಯೇನು?"

ಊರವರ ದನಿಗಳನ್ನೆಲ್ಲ ಸಾಲ ತರುವವನು ಬೀಕರುಗಳನ್ನು ಒಂದೊಂದಾಗಿ ಸಿಂಕಿಗೆ ಸರಿಸಿದ.

ಟ್ಯಾಂಕಿನಲ್ಲಿ ಇನ್ನೂ ಮೊಟ್ಟೆಯಿಡದ ಒಂದು ಹೆಣ್ಣು, ಒಂದು ಗಂಡು ಉಳಿದಿದ್ದವು. ಮರುದಿನ ಬೆಳಕು ಹರಿಯುವಾಗಲೇ ಯತಿನ್ ಉರಣದ ಕಡಲಿನಿಂದ ಎರಡು ಕ್ಯಾನ್ ನೀರು ಹೊತ್ತು ತಂದ. ಸೋಪಿನ ಮುಖವನ್ನೇ ಕಾಣದ ಹೊಸ ಬೀಕರುಗಳನ್ನು ಹತ್ತು ಸಲ ನೀರಲ್ಲಿ ಜಾಲಿಸಿಟ್ಟ. ಎಂಟು ಗಂಟೆಗೆ ಅವಳು ಆ ಜೋಡಿಯಿಂದ ಪಡೆದ ಮೊಟ್ಟೆಗಳಲ್ಲಿ ಅರ್ಧದಷ್ಟಕ್ಕೆ ಕೂದಲಿಗಿಂತ ತೆಳುವಾದ ಸೂಜಿಯಿಂದ ಔಷಧಿ ಕೊಟ್ಟಳು. ಆಮೇಲೆ ಕಾಯುವುದೊಂದೇ. ಆಗಲಿ ಎಂದು ಹರಸಲು ಅವನಿಗೆ ಮನಸ್ಸಿರಲಿಲ್ಲ, ಆಗದಿರಲಿ ಎನ್ನಲು ಮುಖವಿರಲಿಲ್ಲ.

ಹನ್ನೊಂದಕ್ಕೆ ಅವಳೇ ಕರೆದಳು. "ಬಾ, ಒಂದು ಮೊಟ್ಟಿ ಹದಿನಾರು ಕೋಶ ಆಗೇತಿ. ತಳದಾಗ ನಾಲ್ಕು ಸಣ್ಣವು ಕಾಣ್ತಾವಿಲ್ಲೋ?"

"ಕಾಣ್ತದೆ. ಚಟ್ನಿ ಬಟ್ಟಲಿನ ಹಾಗೆ."

"ಮುಂದ ಎಲುಬಿನ ಗೂಡು ಕಟ್ತಾವ ಇವು. ಒಂದು ಜೀನ್ ಐತಿ, ಎಲ್ಲಾ ಕೋಶದಾಗೂ ಕುಂತು 'ಕಟ್ಟಬ್ಯಾಡ' ಅಂತದ. ಈ ನಾಲ್ಕರಾಗ ಮಾತ್ರ ಇನ್ನೊಂದು ಬಂದು ಅದರ ಬಾಯಿ ಮುಚ್ಚಸ್ತದ. ನನ್ನ ಔಷಧಿ ಎಲ್ಲಾ ಕಡೆ ಅದರ ಬಾಯಿ ಮುಚ್ಚಿದ್ರ, ಉಳಿದ ಕೋಶನೂ ಎಲುಬು ಕಟ್ಟಾಕ ಹೊಂಡ್ತಾವೇನು ಅನ್ನೋದೇ ಪ್ರಯೋಗ."

ಯತಿನ್ ಗಲ್ಲಾದಲ್ಲಿ ಕೂತ ಅಪ್ಪನ ದನಿ ತೆಗೆದ. "ಫ್ಯಾನ್ ಹಾಕ್ಬೇಡ. ಎಕ್ಸ್‌ಟ್ರಾ ಸಾಂಬಾರ್ ಕೊಡ್ಬೇಡ. ಎಲುಬು ಕಟ್ಲೇಬೇಡ."

ಅವಳ ತುಟಿಯ ಒಂದು ತುದಿ ಅಲುಗಿತು. ಇನ್ನೊಂದು ತುದಿ ಇನ್ನೂ ಮುನಿಸಿನಲ್ಲೇ ಇತ್ತು.

ಸಂಜೆ ಆರಕ್ಕೆ ಅವಳು ಬಹಳ ಹೊತ್ತು ನೋಡಿ, ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು. ಔಷಧಿ ಮುಟ್ಟದ ಭ್ರೂಣದ ಒಳಗೆ ಎಲುಬು ಕಟ್ಟುವ ಕೆಲವೇ ಕೋಶಗಳು ಇಳಿದಿದ್ದವು. ಔಷಧಿ ಕುಡಿದದ್ದರ ಒಳಗೆ ಕಲ್ಯಾಣ್ ಲೋಕಲಿನ ನೂಕುನುಗ್ಗಲು.

"ಆತು," ಎಂದಳು. "ಶನಿವಾರ ಹೋಗತೇನಿ."

"ಬೇಕಂತ ಮಾಡಿದ್ದಲ್ಲ ನಾನು." ಯತಿನ್ ಮೈಕ್ರೋಸ್ಕೋಪಿನಿಂದ ತಲೆಯೆತ್ತಲಿಲ್ಲ. "ಆದ್ರೆ ಹಾಳಾಯ್ತು ಅಂತ ಗೊತ್ತಾದಾಗ ಒಂದು ಕ್ಷಣ ಖುಷಿಯಾಯ್ತು. ಅದು ತಪ್ಪು. ನೀನಂದ್ರೆ ನಂಗೆ ಇಷ್ಟ, ವಿಶ್ರುತಾ. ಹೋಗ್ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಹೋಗು ಅಂತ ಹೇಳ್ಲಿಕ್ಕೂ ಆಗುದಿಲ್ಲ. ಎಂತ ಮಾಡುದು?"

ಅವಳು ಸ್ಟೂಲು ಎಳೆದು ಅವನ ಪಕ್ಕ ಕೂತಳು.

"ಇದು ಯಾರ ದನಿ?"

"ನಂದೇ."

"ಇಷ್ಟ ದಿನ ಕೇಳೇ ಇರಲಿಲ್ಲ ನಾ." ಅವಳು ಕೈಗವಸು ಒಂದೊಂದೇ ಬೆರಳು ಕಳಚಿದಳು. "ಖುಷಿ ನನಗೂ ಆಗಿತ್ತು. ಇನ್ನೊಂದು ವರ್ಷ ಇಲ್ಲೇ ಅಂತ. ಸಿಟ್ಟು ಬಂದಿದ್ದು ನನ್ನ ಮ್ಯಾಲೆ. ಬೈದಿದ್ದು ನಿನಗ."

ಅವನು ತಲೆಯೆತ್ತಿದ. ಅವಳ ಕಣ್ಣು ತುಂಬಿತ್ತು, ತುಟಿಯ ಎರಡೂ ತುದಿ ನಗುತ್ತಿದ್ದವು. ಶನಿವಾರಕ್ಕೆ ಒಂದೇ ದಿನ ನಡುವೆ ಉಳಿದಿತ್ತು. ಅದನ್ನು ಹಿಗ್ಗಿಸುವ ಔಷಧಿ ಯಾವ ಬಾಟಲಿಯಲ್ಲೂ ಇರಲಿಲ್ಲ.

ಅವಳು ಖಾಲಿಯಾದ ಬೀಕರನ್ನು ಅವನ ಕೈಗಿಟ್ಟಳು. ಯಾರಿಗೂ ಕೊಡದಿದ್ದ ಕೆಲಸ ಅದು. "ತೊಳಿ. ಬರೀ ನೀರಾಗ."

ಇಬ್ಬರೂ ಸಿಂಕಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತರು. ತೊಳೆದು ಮುಗಿದ ಬೀಕರನ್ನು ಅವನು ಮತ್ತೆ ನಲ್ಲಿಯ ಕೆಳಗೆ ಹಿಡಿದ. ಸಾಕು ಎಂದು ಅವಳು ಹೇಳಲಿಲ್ಲ.