ರವದಿಗೆ ಬಿದ್ದ ಬೆಂಕಿ

ಏಳನೇ ಕ್ಲಾಸಿನ ಮಕ್ಕಳೆಲ್ಲ ನೋಡುತ್ತಿರುವಾಗಲೇ ಭಾಗ್ಯಜ್ಯೋತಿ ಸಿದ್ದಲಿಂಗನ ಕಪಾಳಕ್ಕೆ ಛಟೀರನೆ ಬಾರಿಸಿದಳು. ಅವನ ಕೈಯಲ್ಲಿ ಕಡ್ಡಿಪೆಟ್ಟಿಗೆ, ಹಿಂದೆ ಉರಿಯುವ ಹೊಲ. ಇನ್ನೇನು ನೋಡಬೇಕಿತ್ತು ಆಕೆ?

“ಮಾತು ಕೊಟ್ಟಿದ್ರಲ್ರಿ! ಈ ಹುಡುಗರ ಮಾರಿ ನೋಡ್ರಿ ಈಗ!”

ಕರಜಗಿ ಶಾಲೆಯ ವಿಜ್ಞಾನದ ಟೀಚರ್ ಆಕೆ. ಭೂಮಿ ಬಿಸಿಯಾಗುತ್ತಿದೆ ಎಂದು ಬೋರ್ಡಿನ ಮೇಲೆ ಬರೆದು ಸುಮ್ಮನಾಗುವವಳಲ್ಲ. ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಯನ್ನು, ಅಂದರೆ ರವದಿಯನ್ನು, ಊರೆಲ್ಲ ಸುಡುತ್ತಿತ್ತು. ಸುಡದೆ ಸಾಲಿನಲ್ಲಿ ಹಾಸಿದರೆ ಹೊಗೆಯಿಲ್ಲ, ನೆಲವೂ ತಂಪು ಎಂದು ಮಕ್ಕಳ ಕೈಯಿಂದಲೇ ಮಾಡಿಸಿ ತೋರಿಸಲು ಹೊರಟಿದ್ದಳು. ಈ ಹೊಲ ಗೆದ್ದರೆ ತಮ್ಮ ಅಪ್ಪಂದಿರೂ ಕಡ್ಡಿ ಗೀರುವುದಿಲ್ಲ ಎಂದು ಮಕ್ಕಳು ನಂಬಿದ್ದರು.

ಹೊಲ ಕೊಟ್ಟವನು ಸಿದ್ದಲಿಂಗ. ಕೊಟ್ಟದ್ದು ಭೂಮಿಗಾಗಿಯೋ ಟೀಚರಿಗಾಗಿಯೋ, ಆ ಶಿವನಿಗೇ ಗೊತ್ತು! ಸಾಲು ತೋರಿಸುವ ನೆಪದಲ್ಲಿ ಅವನು ಕದ್ದು ನೋಡುವುದು, ಆಕೆ ಕಾಣದವಳಂತೆ ಸೆರಗು ಸರಿಪಡಿಸಿಕೊಳ್ಳುವುದು ಹುಡುಗಿಯರಿಗೆಲ್ಲ ತಿಳಿದಿತ್ತು.

ಸಿದ್ದಲಿಂಗ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. “ಹಚ್ಚಿದಂವ ನಾ ಅಲ್ರಿ. ಅಣ್ಣನ ಕೈಯಾಗಿಂದ ಕಸ್ಕೊಂಡೇನಿ,” ಎಂದವನೇ ಹಸಿ ಚೀಲ ಎತ್ತಿಕೊಂಡು ಉರಿಗೆ ಬಡಿಯತೊಡಗಿದ.

ಅಷ್ಟರಲ್ಲಿ ಅಣ್ಣ ನಾಗಣ್ಣ ಬಡಿಗೆ ಹಿಡಿದು ನುಗ್ಗಿದ. “ರವದಿ ಸುಡಲಾರದ ನೀರು ಹ್ಯಾಂಗ ಹಾಯಸ್ತೀಲೇ? ಈಕಿ ಮಾತು ಕೇಳಿ ಹೊಲಾ ಹಾಳ ಮಾಡ್ತಿ?”

ಬಡಿಗೆ ಸಿದ್ದಲಿಂಗನ ಹಣೆ ಸೀಳಿತು. ರಕ್ತ ಕಣ್ಣಿಗಿಳಿಯಿತು. ಎರಡನೇ ಏಟು ಹೆಗಲಿಗೆ ಬಿತ್ತು. ಆದರೂ ಅವನು ಅಣ್ಣನ ಮೇಲೆ ಕೈ ಎತ್ತಲಿಲ್ಲ, ಉರಿ ಬಡಿಯುತ್ತಲೇ ಇದ್ದ.

ಸಪ್ನಾ ಎಂಬ ಹುಡುಗಿ ಅಡ್ಡ ಬಂದಳು. ನಾಗಣ್ಣ ಅವಳ ಜಡೆ ಹಿಡಿದು ನೂಕಿದ. ಕೆಂಡದ ಪಕ್ಕದಲ್ಲೇ ಬಿದ್ದು ಅವಳು ಚೀರಿದಳು. ಆಗ ಸಿದ್ದಲಿಂಗನ ತಾಳ್ಮೆ ತಪ್ಪಿತು. ಅಣ್ಣನನ್ನು ಕೆಡವಿ, ಎದೆಯ ಮೇಲೆ ಕುಳಿತು ಮುಖಕ್ಕೆ ಗುದ್ದಿದ, ಮತ್ತೆ ಮತ್ತೆ ಗುದ್ದಿದ.

“ಸಾಯ್ತಾನ, ಬಿಡ್ರಿ!” ಭಾಗ್ಯಜ್ಯೋತಿ ಅವನನ್ನು ತಬ್ಬಿ ಹಿಂದಕ್ಕೆಳೆದಳು. ಅಯ್ಯೋ, ಎಂಥವನಿಗೆ ಕೈ ಮಾಡಿದೆನಲ್ಲ!

ಮಕ್ಕಳು ಬೆಂಕಿ ಆರಿಸಿದರು. ಅರ್ಧ ಹೊಲ ಉಳಿಯಿತು. ಸಪ್ನಾಳ ಮೊಣಕೈ ತರಚಿದ್ದು ಬಿಟ್ಟರೆ ಮಕ್ಕಳಿಗೇನೂ ಆಗಿರಲಿಲ್ಲ.

ನಾಗಣ್ಣ ಎದ್ದು ರಕ್ತ ಉಗುಳಿದ. “ಈಕಿ ಬೇಕಂದ್ರ ನಮ್ಮ ಹೊಸ್ತಿಲಾ ತುಳೀಬ್ಯಾಡ.”

“ತುಳ್ಯೂದಿಲ್ಲ,” ಎಂದ ಸಿದ್ದಲಿಂಗ.

ಭಾಗ್ಯಜ್ಯೋತಿ ಸೆರಗಿನಿಂದ ಅವನ ಹಣೆ ಒತ್ತಿ ಹಿಡಿದಳು. “ನಾ ತುಳೀತೇನಿ. ಮೊದಲ ದವಾಖಾನಿ, ಆಮ್ಯಾಲ ಸೀದಾ ನಿಮ್ಮವ್ವನ ಮುಂದ. ನಿಮ್ಮ ಮಗಾ ನನಗ ಬೇಕ್ರಿ ಅಂತ ಬಾಯಿಬಿಟ್ಟು ಕೇಳ್ತೇನಿ.”

ಅವನಿಗೆ ನೋವಿನಲ್ಲೂ ನಗು ಬಂತು. “ಅವ್ವ ಒಲ್ಲೆ ಅಂದ್ರ?”

“ಅಂಗಳದಾಗ ಕುಂದರ್ತೇನಿ. ಹೂಂ ಅನ್ನೂತನ ಏಳೂದಿಲ್ಲ.”

“ನಾವೂ ಕುಂದರ್ತೀವ್ರಿ ಟೀಚರ್!” ಎಂದಳು ಸಪ್ನಾ.