ಮಂಚದ ಮೇಲಿನ ಬೂದು ಬಣ್ಣ

“ಎರಡೂ ಬೂದಿ ಬಣ್ಣನ ಅದಾವ. ಅದರಾಗೇನ್ ಆರಸ್ತೀ? ಒಲಿಯಾಗ ಕೈ ಹಾಕು, ಪುಕ್ಕಟ ಸಿಗತೈತಿ!” ಸಂದೀಪ ನಕ್ಕ.

ಸಂಘಮಿತ್ರಾ ಅಣ್ಣನನ್ನು ಬಿಟ್ಟು ಗೋಡೆಯತ್ತ ಬಾಗಿದಳು. ಸವದತ್ತಿಯ ಅಂಗಡಿಯಿಂದ ತಂದ ಬಣ್ಣದ ಕಾರ್ಡಿನಲ್ಲಿ ಎರಡೂ ಬಣ್ಣಗಳು ಅವಳಿಗಳ ಹಾಗಿದ್ದವು. ಅದಕ್ಕೇ ಪೇಂಟರ್ ಹುಸೇನಪೀರ ನಿನ್ನೆ ಗೋಡೆಗೆ ಅಂಗೈಯಗಲ ಹಚ್ಚಿ ತೋರಿಸಿದ್ದ. ಒಂದನೇ ನಂಬರು ಕಿಟಕಿಯ ಪಕ್ಕ, ಎರಡನೇದು ಮಂಚದ ಮೇಲ್ಗಡೆ.

ಅದು ಅಜ್ಜ ಕಾಡಪ್ಪನ ಕೋಣೆ. ಅಜ್ಜಿ ತೀರಿಕೊಂಡ ಮೇಲೆ ಅವನೊಬ್ಬನೇ ಅಲ್ಲಿ ಮಲಗುತ್ತಿದ್ದ. ಇನ್ನು ಸಂಘಮಿತ್ರಾಳ ಓದುವ ಟೇಬಲ್ಲೂ ಅಲ್ಲಿಗೇ ಬರಲಿತ್ತು. “ನೀ ಹೇಳಿದ್ದ ಹಚ್ಚಸೂಣು,” ಎಂದಿದ್ದ ಅಜ್ಜ.

“ಕಾಕಾ, ಮಂಚದ ಮ್ಯಾಲಿನ ಬಣ್ಣನ ಬೇಕ್ರಿ. ಬೆಚ್ಚಗ ಕಾಣತೈತಿ,” ಎಂದಳು ಸಂಘಮಿತ್ರಾ.

ಹುಸೇನಪೀರ ಎರಡನೇ ಡಬ್ಬಿ ತೆರೆದು, ಅದರ ಪಕ್ಕದಲ್ಲೇ ಬ್ರಷ್ ಎಳೆದ. ಚಹಾ ಕುಡಿದು ಬರುವಷ್ಟರಲ್ಲಿ ಬಣ್ಣ ಒಣಗಿತ್ತು. ಆದರೆ ನಿನ್ನೆ ಹಚ್ಚಿದ್ದಕ್ಕೆ ಹೊಂದಲಿಲ್ಲ; ನಿನ್ನೆಯದೇ ಬೆಚ್ಚಗಿತ್ತು!

“ಬ್ಯಾರೆ ಡಬ್ಬಿ ತಗದೀರೇನ್ರಿ?”

“ಅದ ಡಬ್ಬಿವಾ.” ಹುಸೇನಪೀರ ಗೋಡೆಯನ್ನು ಬೆರಳಿನಿಂದ ಉಜ್ಜಿ ಮೂಸಿದ. “ಕೊಬ್ಬರಿ ಎಣ್ಣಿ! ಒಳಗಿನ ಜಿಡ್ಡಿನ ಕಲಿ ಬಣ್ಣದ ಮ್ಯಾಲ ಎದ್ದೈತಿ.”

“ಮಿತ್ರಾನ ಬಣ್ಣ ಅಂಗಡ್ಯಾಗ ಸಿಗೂದಿಲ್ಲ!” ಸಂದೀಪ ಕುಣಿದ.

ಸಂಘಮಿತ್ರಾ ಆ ಕಲೆಯ ಮೇಲೆ ಬೆರಳಿಟ್ಟಳು. ಅಜ್ಜಿ ದಿನಾ ಸಂಜೆ ತಲೆ ಒರಗಿಸುತ್ತಿದ್ದ ಜಾಗ ಅದು. ಅಲ್ಲೇ ಕುಳಿತು ಇವಳಿಗೂ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು.

ಅಜ್ಜ ಬಾಗಿಲಲ್ಲಿ ನಿಂತಿದ್ದ. ಬಣ್ಣ ಸಿಡಿಯದಿರಲೆಂದು ಗೋಡೆಯ ಗೂಡಿನಿಂದ ತೆಗೆದ ಬುದ್ಧನ ಫೋಟೋವನ್ನು ಎದೆಗೆ ಒತ್ತಿ ಹಿಡಿದಿದ್ದ. ಅವನೂ ಆ ಗೋಡೆಯನ್ನೇ ನೋಡುತ್ತಿದ್ದ.

“ಕಾಳಜಿ ಬ್ಯಾಡ. ತಳಕ್ಕ ಮೊದಲ ಪ್ರೈಮರ್ ಹೊಡದ್ರ ಕಲಿ ಮುಚ್ಚಿ ಹೋಗತೈತಿ,” ಎಂದ ಹುಸೇನಪೀರ.

“ಎರಡನೇ ನಂಬರ ಹಚ್ಚರಿ ಕಾಕಾ. ಆದ್ರ ಅಲ್ಲಿ ಪ್ರೈಮರ್ ಬ್ಯಾಡ್ರಿ.”

“ಮತ್ತ ಕಲಿ ಏಳತೈತಲ್ಲವಾ! ನೋಡಿದವರು ನನ್ನ ಕೆಲಸ ಕೆಟ್ಟೈತಂತ ಹೆಸರಿಡತಾರ.”

“ನಾನ ಹಂಗ ಹಚ್ಚಾಕ ಹೇಳೇನಿ ಅಂತ ಹೇಳ್ರಿ ಅವರಿಗೆ.”

ಎರಡು ದಿನಕ್ಕೆ ಕೋಣೆ ಮುಗಿಯಿತು. ಮಂಚದ ಮೇಲೆ ಆ ಬೆಚ್ಚಗಿನ ಬೂದು ನಿಧಾನವಾಗಿ ಎದ್ದು ಬಂತು. ಸಂಜೆ ಅಜ್ಜ ಫೋಟೋ ಮತ್ತೆ ಗೂಡಿನಲ್ಲಿಟ್ಟು, ಕೈಮುಗಿದು ಬುದ್ಧವಂದನೆ ಹೇಳಿ ಮಂಚದ ಮೇಲೆ ಕುಳಿತ. ಸಂಘಮಿತ್ರಾ ಎಣ್ಣೆಯ ಬಾಟಲಿ ತಂದಳು.

“ಅಜ್ಜಾ, ಜಡಿ ಹಾಕು.”

“ನನಗ ಹಗ್ಗಾ ಹೊಸಿಯೂದಷ್ಟ ಬರತೈತಿ.”

“ಹಂಗ ಹಾಕು.”

ಅಜ್ಜ ಅಂಗೈಗೆ ಎಣ್ಣೆ ಸುರುವಿಕೊಂಡ. ಗೋಡೆಗೆ ಒರಗುವಾಗ ಅಜ್ಜಿಯ ಜಾಗ ಬಿಟ್ಟು, ತುಸು ಈಚೆಗೆ ಒರಗಿದ.

ಸಂಘಮಿತ್ರಾ ಅದನ್ನು ನೋಡಿದಳು. ತಾನೂ ಅಷ್ಟೇ ಈಚೆಗೆ ಸರಿದು ಕುಳಿತಳು.