ಅಮ್ಮನ ಸ್ಕೋರು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು; ಅರಸೀಕೆರೆಯ ನಮ್ಮ ಮನೆಯಲ್ಲಿ ಹಾಡಹಗಲೇ ನಡೆದದ್ದಿದು. ಹಳೆಯ ವಿಡಿಯೊ ಗೇಮ್ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಓದಿಸಲು ನಾನೇ ಒಂದು ಯಂತ್ರ ಜೋಡಿಸಿದ್ದೆ. ಮೊದಲು ಸಿಕ್ಕಿಸಿದ್ದು ತೀರಿಹೋದ ಅಮ್ಮನ ಕ್ಯಾಸೆಟ್ಟು. ಆಯುಧಪೂಜೆಗೆ ಅಮ್ಮ ಅದರ ಪಿನ್ನುಗಳಿಗೇ ವಿಭೂತಿ ಬಳಿಯುತ್ತಿದ್ದಳು. ಉಜ್ಜಿ ತೆಗೆಯಲು ಅರ್ಧ ಬಾಟಲಿ ಸ್ಪಿರಿಟ್ ಹಿಡಿಯಿತು.

ಪರದೆಯ ಮೇಲೆ ಸ್ಕೋರು ಬಂತು: ಅಮ್ಮ 9,140, ನಾನು 2,300. ಬದುಕಿರುವಾಗ ಒಮ್ಮೆಯೂ ನನಗೆ ಸೋತವಳಲ್ಲ. ಮೆಲ್ಲಗೆ ನನ್ನದನ್ನು 9,500 ಎಂದು ತಿದ್ದಿ, ಕ್ಯಾಸೆಟ್ಟಿಗೆ ಬರೆಸಿ, ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋದೆ.

ಬಂದು ಮತ್ತೆ ಓದಿಸಿದರೆ, ಅಮ್ಮ 9,510.

“ಮೋಸ ಮಾಡಿದ್ರೆ ಅತ್ತೆ ಸುಮ್ನಿರ್ತಾರೇನ್ರೀ?” ಎಂದು ಹೆಂಡತಿ ಸ್ವಾತಿ ನಕ್ಕಳು. ಅವಳೂ ನನ್ನ ಜೊತೆಗೇ ಊಟಕ್ಕೆ ಕೂತಿದ್ದವಳು.

ಕ್ಯಾಸೆಟ್ಟನ್ನು ಕಿತ್ತು ನೋಡಿದೆ. ಪಿನ್ನುಗಳ ಮೇಲೆ ವಿಭೂತಿಯ ಮೂರು ಗೆರೆಗಳು. ಇನ್ನೂ ಒದ್ದೆಯಾಗಿದ್ದವು.